ಅತ್ತೆಯ ಟೇಪು, ದ್ರಾಕ್ಷಿಯಷ್ಟು ಗಡ್ಡೆ

ಜೂನ್ 3, ಮಂಗಳವಾರ. ಸಂಜೆ 5.30

ಅತ್ತೆಯ ಬೆನ್ನಿನಲ್ಲಿ ಗಡ್ಡೆ ಸಿಕ್ಕಿತು, ನನಗೆ ಕುಣಿಯುವಷ್ಟು ಖುಷಿ!

ಬರೆದು ಒಂದು ಸಲ ಓದಿಕೊಂಡೆ. ಯಾರ ಕೈಗಾದರೂ ಈ ಡೈರಿ ಸಿಕ್ಕರೆ ನನ್ನ ಕಥೆ ಮುಗಿಯಿತು. ಮದುವೆಯಾಗಿ ನಾಲ್ಕು ತಿಂಗಳು, ಅಷ್ಟರಲ್ಲೇ ಎಂಥಾ ಸೊಸೆ ನೋಡಿ ಅಂತ. ಆದರೆ ನಿಜವಾಗಿ ಖುಷಿ! ಎರಡು ವರ್ಷದಿಂದ ಅತ್ತೆಗೆ ಕಾಲು ಜೋಮು, ಕಾಲು ಭಾರ, ನಡೆದರೆ ಗೋಡೆ ಬೇಕು. ಮಂಡಿಗೆ ಎಣ್ಣೆ, ಮಂಡಿಗೆ ಇಂಜೆಕ್ಷನ್, ಮಂಡಿಗೆ ಪಟ್ಟಿ. ಕೆಳಬೆನ್ನಿಗೆ ಎರಡು ಸಲ ಸ್ಕ್ಯಾನ್. "ವಯಸ್ಸಾಯ್ತು, ಸವೆತ" — ಎಲ್ಲರದ್ದೂ ಅದೇ ಉತ್ತರ. ಅರವತ್ತೊಂದು ಒಂದು ವಯಸ್ಸಾ? ಇವತ್ತು ಕಳ್ಳ ಸಿಕ್ಕಿಬಿದ್ದ. ಕೆಳಗಲ್ಲ, ಮೇಲೆ! ಎರಡು ಹೆಗಲಮೂಳೆಗಳ ನಡುವೆ, ಬೆನ್ನುಹುರಿಯ ಪಕ್ಕ, ದ್ರಾಕ್ಷಿ ಹಣ್ಣಿನಷ್ಟು. ಸ್ಕ್ಯಾನ್‌ನಲ್ಲಿ ಬೆಳ್ಳಗೆ ಹೊಳೆಯುತ್ತಾ ಕೂತಿದೆ. ಹುರಿ ಪಾಪ ಪಕ್ಕಕ್ಕೆ ಒತ್ತಿಸಿಕೊಂಡು ರಿಬ್ಬನ್ ಥರ ಆಗಿದೆ.

ಕ್ಯಾನ್ಸರ್ ಥರ ಕಾಣಿಸ್ತಿಲ್ಲ ಅಂದರು. ತೆಗೆಯಬಹುದು ಅಂದರು. ಡಾಕ್ಟರ್ ಎದುರೇ ಮಿಸ್ಟರ್ ಲಿಫ್ಟ್ ಕೈ ಹಿಡಿದುಕೊಂಡುಬಿಟ್ಟೆ. ಅತ್ತೆ ನೋಡಿದರು. ಬಿಟ್ಟೆ.

(ಮಿಸ್ಟರ್ ಲಿಫ್ಟ್ ಅಂದರೆ ನನ್ನ ಗಂಡ. ಲಿಫ್ಟ್ ರಿಪೇರಿ ಮಾಡುತ್ತಾನೆ. ಅತ್ತೆಯ ಮುಂದೆ "ನೀವು, ರೀ". ಬಾಗಿಲು ಹಾಕಿದ ಮೇಲೆ "ನೀನು, ಲೋ".)

ಜೂನ್ 4, ಬುಧವಾರ. ಕ್ಲಿನಿಕ್‌ನಲ್ಲಿ, ಪೇಷೆಂಟ್ ಇಲ್ಲ

ನಿನ್ನೆ ಖುಷಿಯಲ್ಲಿ ಮುಖ್ಯವಾದದ್ದನ್ನೇ ಬರೆಯಲಿಲ್ಲ. ಕಂಡುಹಿಡಿದದ್ದು ನಾನು! ಅಂದರೆ, ಅರ್ಧ ನಾನು.

ಹೋದ ವಾರ ಅತ್ತೆ ಗೇಟು ದಾಟಿ ಬಂದರು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಇನ್ನೊಂದು ಚಪ್ಪಲಿ ರಸ್ತೆ ಮಧ್ಯೆ ಬಿದ್ದಿದೆ. ಅವರಿಗೆ ಗೊತ್ತೇ ಇಲ್ಲ! ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ನಾನು ಕೂರುವುದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ. ಇಂಜೆಕ್ಷನ್ ಹಾಕಿಸಿಕೊಂಡವರು ಮರಗಟ್ಟಿದ ಕೆನ್ನೆಯನ್ನು ತಾವೇ ಕಚ್ಚಿಕೊಂಡು, ರಕ್ತ ಬಂದರೂ ಗೊತ್ತಾಗದೆ ಹೊರಗೆ ಬರುವುದನ್ನು ದಿನಾ ನೋಡುತ್ತೇನೆ. ಅತ್ತೆಯ ಪಾದ ಹಾಗೇ ಇತ್ತು. ಮಂಡಿ ನೋಯುವವರಿಗೆ ಚಪ್ಪಲಿ ಬಿದ್ದದ್ದು ಗೊತ್ತಾಗಬೇಕಲ್ಲ? ನಮ್ಮ ಹಲ್ಲಿನ ಡಾಕ್ಟರಿಗೆ ಹೇಳಿದೆ. ಅವರು ನರದ ಡಾಕ್ಟರ್ ಹೆಸರು ಬರೆದುಕೊಟ್ಟರು.

ಮಿಸ್ಟರ್ ಲಿಫ್ಟ್ ಕೂಡ ಅವತ್ತೇ ಅಂದಿದ್ದ. "ಗ್ರೌಂಡ್ ಫ್ಲೋರಲ್ಲಿ ಲಿಫ್ಟ್ ಬರ್ತಿಲ್ಲ ಅಂತ ಅಲ್ಲೇ ಬಟನ್ ಬಿಚ್ಚಿ ಕೂತ್ರೆ ಆಗಲ್ಲ ಕಣೇ. ವೈರ್ ಹಿಡ್ಕೊಂಡು ಮೇಲಕ್ಕೆ ಹೋಗ್ಬೇಕು. ಅಮ್ಮನ ಮೇಲಿನ ಫ್ಲೋರ್ ಯಾರಾದ್ರೂ ನೋಡಿದ್ದಾರಾ?"

ನರದ ಡಾಕ್ಟರ್ ಮಾಡಿದ್ದೂ ಅದೇ! ಸುತ್ತಿಗೆಯಲ್ಲಿ ಮಂಡಿಗೆ ತಟ್ಟಿದರು. ಅತ್ತೆಯ ಕಾಲು ಎಗರಿ ಅವರ ಹೊಟ್ಟೆಗೇ ಒದೆಯಿತು. ಅತ್ತೆ ನಾಚಿ ನೀರಾದರು. "ಅಯ್ಯೋ ಕ್ಷಮಿಸಿ ಡಾಕ್ಟ್ರೇ, ನಾನಲ್ಲ ಒದ್ದಿದ್ದು." ಡಾಕ್ಟರ್, "ಗೊತ್ತಮ್ಮ, ನೀವಲ್ಲ ಅನ್ನೋದೇ ವಿಷಯ. ಕಾಲು ತಲೆ ಮಾತು ಕೇಳ್ತಿಲ್ಲ" ಅಂದರು. ಆಮೇಲೆ ಬೀಗದ ಕೀಯಿಂದ ಅಂಗಾಲು ಗೀರಿದರು. ನನಗೆ ಗೀರಿದರೆ ಬೆರಳು ಮುದುಡುತ್ತವೆ (ಮನೆಗೆ ಬಂದು ಗಂಡನ ಕೈಲಿ ಗೀರಿಸಿ ನೋಡಿದೆ, ಕಚಗುಳಿ ತಾಳಲಾರದೆ ಮಂಚದಿಂದ ಬಿದ್ದೆ). ಅತ್ತೆಯ ಹೆಬ್ಬೆರಳು ಮೇಲಕ್ಕೆದ್ದಿತು. ಹುರಿಯಲ್ಲೇ ಎಲ್ಲೋ ತೊಂದರೆ ಅನ್ನುವುದಕ್ಕೆ ಅದು ಗುರುತಂತೆ.

ಆಮೇಲೆ ಪಿನ್ನು. ಪಾದದಿಂದ ಚುಚ್ಚುತ್ತಾ ಮೇಲೆ ಬಂದರು.

"ಚುಚ್ತಾ?"

"ಮೊಂಡು."

"ಇಲ್ಲಿ?"

"ಮೊಂಡು."

ತೊಡೆ ಮೊಂಡು. ಹೊಟ್ಟೆ ಮೊಂಡು. ಎದೆಯ ಕೆಳಗೆ ಬರುವಷ್ಟರಲ್ಲಿ — "ಅಯ್ಯೋ! ಚುಚ್ತು!" ಡಾಕ್ಟರ್ ಅಲ್ಲಿ ಪೆನ್ನಿನಿಂದ ಗೆರೆ ಎಳೆದರು. ಅತ್ತೆ ಬಗ್ಗಿ ಗೆರೆ ನೋಡಿದರು.

"ಇದೇ ಜಾಗ! ಇಲ್ಲೇ ಬಿಗಿ ಆಗೋದು. ಎಂಟು ತಿಂಗಳಾಯ್ತು, ಯಾರೋ ಬೆಲ್ಟ್ ಕಟ್ಟಿ ಎಳೆದ ಹಾಗೆ."

"ಎಂಟು ತಿಂಗಳಿಂದ ಯಾಕಮ್ಮ ಹೇಳಲಿಲ್ಲ?"

"ಬ್ಲೌಸ್ ಬಿಗಿ ಅಂದ್ಕೊಂಡೆ."

ಅತ್ತೆ ಟೇಲರ್. ಮೂವತ್ತೈದು ವರ್ಷ ಕಾಲಿನಲ್ಲಿ ತುಳಿಯುವ ಮಷೀನು. ಬಿಗಿ ಆದರೆ ಟೇಲರ್ ಏನು ಮಾಡುತ್ತಾರೆ? ಬಿಚ್ಚುತ್ತಾರೆ! ತಮ್ಮ ಹದಿನಾಲ್ಕು ಬ್ಲೌಸಿನ ಪಕ್ಕದ ಹೊಲಿಗೆಗಳನ್ನೂ ಅರ್ಧರ್ಧ ಇಂಚು ಬಿಚ್ಚಿದ್ದಾರೆ. ಆಗಲೂ ಬಿಗಿ. ಟೇಪು ಹಿಡಿದು ಅಳೆದರೆ ಸುತ್ತಳತೆ ಮೂವತ್ತನಾಲ್ಕು, ಮೊದಲಿನಷ್ಟೇ. ಟೇಪೇ ಹಿಗ್ಗಿದೆ ಅಂತ ಎಸೆದು ಹೊಸ ಟೇಪು ತಂದರು. ಅದೂ ಮೂವತ್ತನಾಲ್ಕು. ಅಂಗಡಿಯವನ ಜೊತೆ ಜಗಳ ಆಡಿ ಮೂರನೆಯದು ತಂದರು!

ಡಾಕ್ಟರ್ ನಗು ತಡೆಯಲು ಕಿಟಕಿ ಕಡೆ ತಿರುಗಿದರು.

ಜೂನ್ 7, ಶನಿವಾರ

ಅತ್ತೆ ಆಪರೇಷನ್ ಬೇಡ ಅಂದುಬಿಟ್ಟರು.

ಮೂರು ದಿನದಿಂದ ಮನೆಯಲ್ಲಿ ಇದೇ. ಯಾರೋ ಗಿರಾಕಿ ಹೇಳಿದ್ದಾರೆ — ಬೆನ್ನುಮೂಳೆಗೆ ಚಾಕು ಹಾಕಿಸಿಕೊಂಡವರು ಎದ್ದದ್ದೇ ಇಲ್ಲ, ಅವಳ ಚಿಕ್ಕಮ್ಮ ಹಾಸಿಗೆ ಹಿಡಿದು ಹೋದರು ಅಂತ. ಆ ಗಿರಾಕಿಯ ಬಟ್ಟೆಯನ್ನೆಲ್ಲ ಒಂದಿಂಚು ಬಿಗಿಯಾಗಿ ಹೊಲಿದುಕೊಡಬೇಕು.

ಮಿಸ್ಟರ್ ಲಿಫ್ಟ್ ಬೇಡಿಕೊಂಡ, ರೇಗಿದ, ಬಾತ್‌ರೂಮಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದ (ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದಾನೆ, ದಡ್ಡ). ಅತ್ತೆ ಸೊಪ್ಪು ಹಾಕಲಿಲ್ಲ. "ಕುಂಟಿಕೊಂಡಾದ್ರೂ ಓಡಾಡ್ತಿದೀನಲ್ಲ ಪುಟ್ಟ. ಇರೋದನ್ನೂ ಕಳ್ಕೊಳ್ಳಲಾ?"

ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದಾರೆ. ಗಡ್ಡೆ ನಿಧಾನ, ಆದರೆ ಬೆಳೆಯುವುದು ನಿಲ್ಲಿಸುವುದಿಲ್ಲ. ಈಗ ತೆಗೆದರೆ ಕಾಲು ತಿರುಗಿ ಬರುವ ಸಾಧ್ಯತೆ ಹೆಚ್ಚು. ಹುರಿ ಪೂರ್ತಿ ಸೋತ ಮೇಲೆ ತೆಗೆದರೆ ಗಡ್ಡೆ ಹೋಗುತ್ತದೆ, ಕಾಲು ಬರುವುದಿಲ್ಲ. ಈಗಲೇ ಅತ್ತೆ ಬಾತ್‌ರೂಮಿಗೆ ಓಡುವುದು ನಾನು ನೋಡಿದ್ದೇನೆ. ತಡೆದುಕೊಳ್ಳಲು ಆಗುತ್ತಿಲ್ಲ. ಗಂಡನಿಗೆ ಹೇಳಬೇಡ ಅಂತ ಕಣ್ಣಲ್ಲೇ ಹೇಳಿದರು. ಹೇಳಿಲ್ಲ.

ನನ್ನ ಮಾತಿಗೆ ಬೆಲೆ ಎಲ್ಲಿ? ಅವರಿಗೆ ನಾನು ಇಷ್ಟವೇ ಇಲ್ಲ. ಅದಕ್ಕೆ ಪ್ರೂಫ್ ಬೀರುವಿನಲ್ಲಿದೆ. ನನ್ನ ಮದುವೆಯ ಬ್ಲೌಸ್! ಹೊಲಿದದ್ದು ಅತ್ತೆಯೇ. ತೋಳಿನ ಹೊಲಿಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ನಡುನಡುವೆ ಕುಡಿದವರು ನಡೆದ ಹಾಗೆ. ಊರಿಗೆಲ್ಲ ನೂಲು ಹಿಡಿದ ಹಾಗೆ ಹೊಲಿಯುವವರು ನನಗೆ ಮಾತ್ರ ಹಾಗೆ ಹೊಲಿದರು. ಫೆಬ್ರವರಿಯಲ್ಲಿ ಇದೇ ಡೈರಿಯಲ್ಲಿ ಎರಡು ಪುಟ ಬೈದಿದ್ದೇನೆ. ಅಷ್ಟೇ ಅಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್‌ಗೆ ಗುಟ್ಟಾಗಿ ಕೊಟ್ಟು ತೋಳು ಬಿಚ್ಚಿಸಿ ಹೊಲಿಸಿದೆ. ಅತ್ತೆಗೆ ಇದು ಗೊತ್ತಿಲ್ಲ. ಗೊತ್ತಾದರೆ... ಬೇಡಪ್ಪ.

ಜೂನ್ 10, ಮಂಗಳವಾರ. ರೈಲಿನಲ್ಲಿ, ಅಕ್ಷರ ಕುಣಿಯುತ್ತಿವೆ

ಒಪ್ಪಿದರು!!! ಒಪ್ಪಿದರು ಒಪ್ಪಿದರು ಒಪ್ಪಿದರು!

ಸರ್ಜನ್ ಇರುವುದು ನಾಲ್ಕು ಗಂಟೆ ದೂರದ ದೊಡ್ಡ ಆಸ್ಪತ್ರೆಯಲ್ಲಿ. "ಸುಮ್ಮನೆ ಮಾತಾಡಿಕೊಂಡು ಬರೋಣ" ಅಂತ ಪುಸಲಾಯಿಸಿ ಕರೆದುಕೊಂಡು ಹೋದೆವು. ಸರ್ಜನ್ ಮೇಡಂ ಗಿಡ್ಡಕ್ಕೆ, ಪುಟ್ಟ ಕೈ, ದೊಡ್ಡ ದನಿ. ಪ್ಲಾಸ್ಟಿಕ್ ಬೆನ್ನುಮೂಳೆ ಇಟ್ಟುಕೊಂಡು ವಿವರಿಸಿದರು. ಹಿಂದಿನ ಮೂಳೆಯನ್ನು ಮುಚ್ಚಳದ ಥರ ತೆಗೆಯುತ್ತಾರೆ. ಒಳಗೆ ಹುರಿಯನ್ನು ಸುತ್ತಿದ ಒಂದು ಪೊರೆ. ಅದನ್ನು ಸೀಳಿದರೆ ಗಡ್ಡೆ. ಗಡ್ಡೆ ಅಂಟಿಕೊಂಡಿರುವುದು ಪೊರೆಗೆ, ಹುರಿಗಲ್ಲ. ಹುರಿಯನ್ನು ಎಳೆಯದೆ, ಗಡ್ಡೆಯನ್ನೇ ಒಳಗಿಂದ ಟೊಳ್ಳು ಮಾಡಿ ಚಿಕ್ಕದು ಮಾಡಿ ಎತ್ತುತ್ತಾರೆ. ಅಷ್ಟೂ ಹೊತ್ತು ತಲೆಯಿಂದ ಕಾಲಿಗೆ ಸುದ್ದಿ ಹೋಗುತ್ತಿದೆಯಾ ಅಂತ ಮಷೀನು ನೋಡುತ್ತಿರುತ್ತದೆ. ಕೊನೆಗೆ ಪೊರೆ ಹೊಲಿಯುತ್ತಾರೆ.

"ಹೊಲಿಯುತ್ತಾರೆ" ಅಂದದ್ದೇ ತಡ, ಅತ್ತೆ ನೆಟ್ಟಗೆ ಕೂತರು.

"ಆ ಪೊರೆ ಎಷ್ಟು ದಪ್ಪ?"

"ತೆಳ್ಳಗಿನ ಲೈನಿಂಗ್ ಬಟ್ಟೆ ಅಂದ್ಕೊಳ್ಳಿ ಅಮ್ಮ."

"ಲೈನಿಂಗ್ ಜಾರುತ್ತೆ. ಸುಕ್ಕು ಬೀಳುತ್ತೆ. ಸಂದಿ ಬಿಟ್ರೆ?"

"ಒಳಗಿನ ನೀರು ಸೋರುತ್ತೆ. ಅದಕ್ಕೇ ಒತ್ತೊತ್ತಾಗಿ ಹೊಲೀತೀವಿ."

"ಯಾರು ಹೊಲಿಯೋದು?"

"ನಾನೇ."

"ನಿಮ್ಮ ಹೊಲಿಗೆ ನಾನು ನೋಡಿಲ್ವಲ್ಲ" ಅಂದರು ಅತ್ತೆ. ಮುಖದಲ್ಲಿ ನಗು ಇಲ್ಲ. "ನನ್ನ ಹತ್ರ ಮೊದಲ ಸಲ ಬರೋರು ಒಂದು ಹಳೇ ಬಟ್ಟೆ ಕೊಟ್ಟು ನೋಡ್ತಾರೆ. ಆಮೇಲೇ ಒಳ್ಳೇ ಬಟ್ಟೆ."

ಮಿಸ್ಟರ್ ಲಿಫ್ಟ್ "ಅಮ್ಮಾ!" ಅಂದ. ನಾನು ನೆಲ ನೋಡಿದೆ. ಸರ್ಜನ್ ಮೇಡಂ ಎರಡು ಕ್ಷಣ ಅತ್ತೆಯನ್ನೇ ನೋಡಿ, ನರ್ಸ್ ಕರೆದು ಏನೋ ತರಿಸಿದರು. ಸ್ಟೂಡೆಂಟ್‌ಗಳು ಕಲಿಯಲು ಬಳಸುವ ರಬ್ಬರ್ ಚರ್ಮ, ಕೂದಲಿನಷ್ಟು ಸಣ್ಣ ದಾರ, ಬಾಗಿದ ಸೂಜಿ. ನಮ್ಮ ಕಣ್ಣೆದುರೇ ಎರಡಿಂಚು ಹೊಲಿದರು! ಹೊರಗೆ ಪೇಷೆಂಟ್‌ಗಳ ಸಾಲು. ಅವರು ಹೊಲಿಯುತ್ತಿದ್ದಾರೆ, ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡುತ್ತಿದ್ದಾರೆ. ಇಬ್ಬರೂ ಉಸಿರು ಬಿಡುತ್ತಿಲ್ಲ.

ಅತ್ತೆ ಅದನ್ನು ತೆಗೆದುಕೊಂಡರು. ಉಗುರಿನಿಂದ ಗೀರಿದರು. ಎಳೆದರು. ಬೆಳಕಿಗೆ ಹಿಡಿದರು. ತಿರುಗಿಸಿ ಹಿಂಬದಿ ನೋಡಿದರು — ಹಿಂಬದಿ ನೋಡಿಯೇ ಟೇಲರ್‌ಗೆ ಮಾರ್ಕ್ಸ್ ಕೊಡುವುದಂತೆ.

"ಪರವಾಗಿಲ್ಲ. ಗಂಟು ಚೆನ್ನಾಗಿದೆ. ಯಾವಾಗ ಬರಲಿ?"

ಸರ್ಜನ್ ಮೇಡಂ ಎದ್ದು ನಿಂತು ಕೈ ಮುಗಿದರು. "ಇಪ್ಪತ್ತು ವರ್ಷದಲ್ಲಿ ಇಷ್ಟು ಕಷ್ಟದ ಪರೀಕ್ಷೆ ಬರೆದಿರಲಿಲ್ಲ ಅಮ್ಮ."

ಹತ್ತೊಂಬತ್ತನೇ ತಾರೀಕು. ಅತ್ತೆ ಎದುರು ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರೆ. ಗಂಡ ಚಾದರದ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದಾನೆ. ಒಂದೇ ಕೈಯಲ್ಲಿ ಬರೆಯುವಾಗ ಡೈರಿ ತೊಡೆಯಿಂದ ಜಾರುತ್ತಿದೆ, ನಿಲ್ಲಿಸುತ್ತೇನೆ.

ಜೂನ್ 18, ಬುಧವಾರ. ಆಸ್ಪತ್ರೆ, ವಾರ್ಡ್. ಮಧ್ಯಾಹ್ನ 3

ನಾಳೆ ಬೆಳಿಗ್ಗೆ. ಹಲ್ಲಿನ ಡಾಕ್ಟರ್ ಎರಡು ವಾರ ರಜೆ ಕೊಟ್ಟರು. ಮಿಸ್ಟರ್ ಲಿಫ್ಟ್ ಆಸ್ಪತ್ರೆಯ ಲಿಫ್ಟ್ ಸದ್ದು ಸರಿಯಿಲ್ಲ ಅಂತ ವಾಚ್‌ಮನ್ ಜೊತೆ ಚರ್ಚೆಗೆ ಹೋಗಿದ್ದಾನೆ. ಭಯ ಆದಾಗೆಲ್ಲ ಅವನು ಏನಾದರೂ ರಿಪೇರಿ ಮಾಡಲು ಹೊರಡುತ್ತಾನೆ.

ಅತ್ತೆ ಮತ್ತು ನಾನು ಇಬ್ಬರೇ. ಅತ್ತೆ ಕಿಟಕಿ ನೋಡುತ್ತಾ ಇದ್ದಕ್ಕಿದ್ದಂತೆ ಅಂದರು:

"ಏ ಹುಡುಗಿ. ಆ ಬಸ್ ಸ್ಟ್ಯಾಂಡ್ ಟೇಲರ್ ತೋಳು ಕೆಡಿಸಿಬಿಟ್ಟಿದ್ದಾನೆ."

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ.

"ಒಗೆದು ಹಾಕಿದ್ಯಲ್ಲ, ಅವತ್ತೇ ನೋಡಿದೆ. ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ನಂದಲ್ಲದ್ದೂ ಗೊತ್ತಾಗುತ್ತೆ."

"ಅತ್ತೆ, ಅದು... ನಾನು..."

"ನೀನು ಬಿಚ್ಚಿಸಿದ್ದು ಸರಿನೇ. ಅದು ಹೊಲಿಗೆ ಆಗಿರಲಿಲ್ಲ." ಚಾದರದ ಅಂಚಿನ ಹೊಲಿಗೆಯನ್ನು ಉಗುರಿನಿಂದ ಸವರಿದರು. "ನಾಲ್ಕು ಸಲ ಬಿಚ್ಚಿ ಹೊಲಿದೆ. ಪೆಡಲ್ ಮೇಲೆ ಕಾಲಿದೆ, ಆದ್ರೆ ಇದೆ ಅಂತ ಗೊತ್ತಾಗ್ತಿಲ್ಲ. ಬಗ್ಗಿ ಕಾಲು ನೋಡಿದ್ರೆ ಬಟ್ಟೆ ಹೋಗುತ್ತೆ. ಬಟ್ಟೆ ನೋಡಿದ್ರೆ ಕಾಲು ಹೋಗುತ್ತೆ. ಮನೆಗೆ ಬರೋ ಸೊಸೆ ಬ್ಲೌಸ್. ಬೇರೆಯವರಿಗೆ ಕೊಡೋಕೆ ಮನಸ್ಸು ಬರಲಿಲ್ಲ. ಅದೇ ಕೊನೆ. ಅವತ್ತಿಂದ ಮಷೀನ್ ಮುಟ್ಟಿಲ್ಲ. ಬರೀ ಕತ್ತರಿಸಿ ಕೊಡೋದು, ಹೊಲಿಯೋಕೆ ಹೊರಗೆ ಕೊಡ್ತೀನಿ."

ನಾಲ್ಕು ತಿಂಗಳಿಂದ ಮಷೀನಿನ ಸದ್ದಿಲ್ಲ! ಒಂದೇ ಮನೆಯಲ್ಲಿದ್ದೂ ನಾನು ಗಮನಿಸಿಲ್ಲ. ಹೊಸ ಹುಡುಗಿ, ಗಂಡನ ಮುಖ ನೋಡುವುದರಲ್ಲೇ ಮುಳುಗಿದ್ದೆ. ಅಳು ಬಂತು. ಜೋರಾಗಿ ಅತ್ತುಬಿಟ್ಟೆ. ಪಕ್ಕದ ಬೆಡ್ಡಿನವರು ಯಾರೋ ಹೋದರು ಅಂದುಕೊಂಡು ಎದ್ದು ಕೂತರು.

"ಅಳೋದು ನಿಲ್ಸು, ನಾಳೆ ನನಗೆ ಬೆನ್ನು ಕೊಯ್ಯೋದು, ನಿನಗಲ್ಲ" ಅಂದರು. ಆಮೇಲೆ, ತುಂಬಾ ಸಣ್ಣ ದನಿಯಲ್ಲಿ, "ಮತ್ತೆ ತುಳಿಯೋಕೆ ಆಗುತ್ತೇನೇ?"

ಆಗುತ್ತೆ ಅಂದೆ. ನನಗೇನು ಗೊತ್ತು? ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್.

ಫೆಬ್ರವರಿಯ ಆ ಎರಡು ಪುಟ ಹರಿಯಲು ಹೋದೆ. ಹರಿಯಲಿಲ್ಲ. ಇರಲಿ. ಓದಿ ನಾಚಿಕೊಳ್ಳಲು ಬೇಕು.

ಜೂನ್ 19, ಗುರುವಾರ

7.40 — ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ಮೇಲಿಂದ ಅತ್ತೆ ಸರ್ಜನ್ ಮೇಡಂಗೆ ಕೂಗಿದ್ದು: "ಅವಸರ ಮಾಡಬೇಡಿ, ಡೆಲಿವರಿ ಇವತ್ತೇ ಕೊಡಬೇಕು ಅಂತೇನಿಲ್ಲ!"

10.15 — ಗಂಡ ಕಾರಿಡಾರಿನ ಅಲುಗಾಡುವ ಕುರ್ಚಿ ಬಿಗಿ ಮಾಡಿದ.

11.30 — ಇನ್ನೊಂದು ಕುರ್ಚಿ.

12.50 — ಮೂರನೆಯದು. ಅದು ಸರಿಯಾಗೇ ಇತ್ತು.

1.20 — ಸರ್ಜನ್ ಮೇಡಂ ಬಂದರು! ಪೂರ್ತಿ ತೆಗೆದಿದ್ದಾರೆ! ಮಷೀನಿನಲ್ಲಿ ಸುದ್ದಿ ಕಡೆಯವರೆಗೂ ಹೋಗುತ್ತಲೇ ಇತ್ತಂತೆ. ಹುರಿ ನಿಧಾನವಾಗಿ ಉಬ್ಬಿ ತನ್ನ ಜಾಗಕ್ಕೆ ಬರುತ್ತಿರುವುದು ಕಾಣಿಸಿತಂತೆ. ನಾವಿಬ್ಬರೂ ಎಲ್ಲರೆದುರು ಅಪ್ಪಿಕೊಂಡೆವು. ಏನಾದರೂ ಅಂದುಕೊಳ್ಳಲಿ.

ಜೂನ್ 20, ಶುಕ್ರವಾರ

ಬಲಗಾಲು ಅಲ್ಲಾಡುತ್ತಿಲ್ಲ. ಮೊದಲು ಕುಂಟುತ್ತಾದರೂ ಇತ್ತು. ಹೀಗಾಗುವುದುಂಟು, ಸ್ಕ್ಯಾನ್ ಮಾಡಿದೆವು, ರಕ್ತ ಕಟ್ಟಿಲ್ಲ, ಕಾಯಬೇಕು ಅಂತಾರೆ. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಆಗುತ್ತೆ ಅಂದವಳು ನಾನು.

ಜೂನ್ 22, ಭಾನುವಾರ. ಬೆಳಿಗ್ಗೆ 8

ಹೆಬ್ಬೆರಳು!!!

ಕಾಲು ಒರೆಸುತ್ತಿದ್ದೆ. ಒದ್ದೆ ಬಟ್ಟೆ ತಣ್ಣಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಬಿಸಿನೀರು ಸಿಗಲಿಲ್ವಾ?" ಅಂದರು. ನಾನು ಹಾಗೇ ನಿಂತೆ. ಅವರೂ ಕಣ್ಣು ಬಿಟ್ಟರು. ತಣ್ಣಗಿದೆ ಅಂತ ಗೊತ್ತಾಗಿದೆ! ಬಲಪಾದಕ್ಕೆ! ಇಬ್ಬರೂ ಆ ಹೆಬ್ಬೆರಳನ್ನೇ ನೋಡಿದೆವು, ಅದು ಏನೋ ಹೇಳುತ್ತೆ ಅನ್ನುವ ಹಾಗೆ. ಅಲ್ಲಾಡಿತು. ಸ್ವಲ್ಪ. ಮತ್ತೆ ಅಲ್ಲಾಡಿತು.

ಇನ್ನೊಂದು. ಅತ್ತೆ ಎದೆಯ ಕೆಳಗೆ ಕೈ ಇಟ್ಟು ಹುಡುಕಿದರು.

"ಏ ಹುಡುಗಿ, ಬಿಗಿ ಹೋಗಿದೆ."

"ನಿಜವಾಗ್ಲೂ?"

"ಹದಿನಾಲ್ಕು ಬ್ಲೌಸ್ ಬಿಚ್ಚಿದ್ದೀನಲ್ಲೇ! ಎಲ್ಲ ಮತ್ತೆ ಹಿಡಿಬೇಕಲ್ಲ!"

ನಕ್ಕು ನಕ್ಕು ಅವರಿಗೆ ಹೊಲಿಗೆ ಎಳೆಯಿತು. ನರ್ಸ್ ಬಂದು ಇಬ್ಬರಿಗೂ ಬೈದಳು.

ಜೂನ್ 27, ಶುಕ್ರವಾರ

ರಿಪೋರ್ಟ್ ಬಂತು. ಗ್ರೇಡ್ ಒಂದು. ಸಾಧು ಗಡ್ಡೆ, ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದಿರುವುದರಿಂದ ಮತ್ತೆ ಬರುವುದು ಅಪರೂಪ, ಆದರೂ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಅತ್ತೆ ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದರು. ಹನ್ನೊಂದು ಹೆಜ್ಜೆ. ನಾನು ಎಣಿಸಿದೆ, ಗಂಡ ವಿಡಿಯೋ ಮಾಡಿದ, ವಿಡಿಯೋದಲ್ಲಿ ಬರೀ ಅವನ ಬೆರಳು.

ಸರ್ಜನ್ ಮೇಡಂ ಬೆನ್ನಿನ ಪಟ್ಟಿ ಬದಲಾಯಿಸುವಾಗ ಅತ್ತೆ ನನ್ನ ಫೋನಿನಲ್ಲಿ ಫೋಟೋ ತೆಗೆಸಿ, ದೊಡ್ಡದು ಮಾಡಿ ನೋಡಿದರು.

"ಹತ್ತಕ್ಕೆ ಎಂಟೂವರೆ."

"ಒಂದೂವರೆ ಯಾಕಮ್ಮ ಕಟ್?"

"ಕೆಳಗಿನ ತುದಿಯಲ್ಲಿ ಒಂದು ಹೊಲಿಗೆ ಅವಸರ."

"ಅದು ನನ್ನ ಜೂನಿಯರ್ ಹಾಕಿದ್ದು!" ಅಂತ ಮೇಡಂ ಚಪ್ಪಾಳೆ ತಟ್ಟಿದರು. ಜೂನಿಯರ್ ಡಾಕ್ಟರ್ ಮುಖ ನೋಡಬೇಕಿತ್ತು.

ಜುಲೈ 9, ಬುಧವಾರ. ಮನೆ

ರಜೆ ಮುಗಿದು ವಾಪಸ್ಸು ಬಂದು ವಾರವಾಯಿತು. ಅತ್ತೆ ಆಸ್ಪತ್ರೆ ಹತ್ತಿರವೇ ಅವರ ಅಕ್ಕ, ನಮ್ಮ ದೊಡ್ಡಮ್ಮನ ಮನೆಯಲ್ಲಿದ್ದಾರೆ. ದಿನಾ ಫಿಸಿಯೋಥೆರಪಿ. ಮನೆಯಲ್ಲಿ ನಾವಿಬ್ಬರೇ! ಇಂಥ ಚಾನ್ಸಿಗೆ ನಾಲ್ಕು ತಿಂಗಳು ಕಾದಿದ್ದೆವು. ಈಗ ಏನು ಮಾಡುತ್ತಿದ್ದೇವೆ? ಸಂಜೆ ಆರಕ್ಕೆ ಫೋನ್ ಮುಂದೆ ಕೂತು "ಇವತ್ತು ಎಷ್ಟು ಹೆಜ್ಜೆ?" ಅಂತ ಕೇಳುತ್ತಿದ್ದೇವೆ. ಇವತ್ತು ಇನ್ನೂರು, ವಾಕರ್ ಇಲ್ಲದೆ, ಕೋಲು ಹಿಡಿದು. ಬಾತ್‌ರೂಮಿಗೆ ಓಡುವುದೂ ನಿಂತಿದೆಯಂತೆ. ಅದನ್ನು ನನಗೊಬ್ಬಳಿಗೇ ಹೇಳಿದರು, ಮಗ ಪಕ್ಕಕ್ಕೆ ಹೋದ ಮೇಲೆ.

ಅತ್ತೆಯ ಮಷೀನಿಗೆ ಮೋಟಾರ್ ಹಾಕಿಬಿಡುತ್ತೇನೆ, ತುಳಿಯುವುದೇ ಬೇಡ ಅಂತ ಮಿಸ್ಟರ್ ಲಿಫ್ಟ್ ಹೊರಟ. ಮೋಟಾರನ್ನೂ ತಂದ. ಫೋನಿನಲ್ಲಿ ಹೇಳಿದ. ಅತ್ತೆ ಬೈದದ್ದು ದೊಡ್ಡಮ್ಮನ ಬೀದಿಗೆಲ್ಲ ಕೇಳಿರಬೇಕು. ಫಿಸಿಯೋದವರ ಹತ್ತಿರ ಅತ್ತೆ ಕೇಳಿದ ವರ ಒಂದೇ ಅಂತೆ — ನಡೆಯುವುದು ಆಮೇಲೆ ಕಲಿಸಿ, ಮೊದಲು ಪಾದ ಮೇಲೆ ಕೆಳಗೆ, ಮೇಲೆ ಕೆಳಗೆ. ದೊಡ್ಡಮ್ಮ ಗೊಣಗುತ್ತಾರೆ: "ಟಿವಿ ನೋಡ್ತಾ ಕೂತ್ರೂ ನಿಮ್ಮತ್ತೆ ಕಾಲು ನೆಲ ತುಳೀತಾನೇ ಇರುತ್ತೆ ಕಣಮ್ಮ. ನಮ್ಮನೆ ಟೈಲ್ಸ್ ಸವೆದುಹೋಗುತ್ತೆ."

ಮೋಟಾರ್ ವಾಪಸ್ಸು ಕೊಟ್ಟು ಬಂದ.

ಜುಲೈ 29, ಮಂಗಳವಾರ. ಸಂಜೆ 6.20

ಈಗಷ್ಟೇ ಫೋನ್ ಇಟ್ಟೆ. ಕುಣಿಯುವಷ್ಟು ಖುಷಿ! ಮಿಸ್ಟರ್ ಲಿಫ್ಟ್ ಇನ್ನೂ ಕೆಲಸದಿಂದ ಬಂದಿಲ್ಲ, ಹೇಳಲು ಯಾರೂ ಇಲ್ಲ, ಅದಕ್ಕೇ ಇಲ್ಲಿ.

"ಏ ಹುಡುಗಿ. ಬರ್ಕೋ" ಅಂದರು. ಬರೆದುಕೊಂಡೆ.

ಒಂದು: ಮಷೀನಿಗೆ ಎಣ್ಣೆ ಹಾಕಿಡು. ಪೆಡಲ್ ಒರೆಸು.

ಎರಡು: ನಿನ್ನ ಮದುವೆ ಬ್ಲೌಸಿನ ತೋಳು ಬಿಚ್ಚಿಡು. ಬಟ್ಟೆ ಹರೀಬಾರದು, ಬ್ಲೇಡ್ ಬೇಡ, ಸೂಜಿಯಲ್ಲಿ ಒಂದೊಂದೇ ಹೊಲಿಗೆ ಎತ್ತು. ಬಸ್ ಸ್ಟ್ಯಾಂಡ್‌ನವನ ಒಂದು ದಾರವೂ ಉಳೀಬಾರದು.

"ಅತ್ತೆ, ಬಂದ ತಕ್ಷಣ ಹೊಲೀತೀರಾ? ಆಗುತ್ತಾ?"

"ನಿನ್ನೆ ದೊಡ್ಡಮ್ಮನ ಪಕ್ಕದ ಮನೇಲಿ ಒಂದು ಹಳೇ ಮಷೀನ್ ಸಿಕ್ತು. ಕೂತೆ. ಕಣ್ಣು ಬಟ್ಟೆ ಮೇಲೆ. ಕಾಲು ನೋಡಲಿಲ್ಲ." ಆಮೇಲೆ ಮತ್ತೆ ಟೇಲರ್ ದನಿ. "ಸ್ವಲ್ಪ ಹೊತ್ತಿಗೇ ಕಾಲು ಸೋಲುತ್ತೆ. ದಿನಕ್ಕೆ ಒಂದು ತೋಳು. ನಿನಗೇನು ಅವಸರ, ಮದುವೆ ಆಗಿಹೋಗಿದೆಯಲ್ಲ."

ಮೂರು: ಸ್ಟೇಷನ್ನಿಗೆ ವೀಲ್‌ಚೇರ್ ತಂದರೆ ಅದೇ ರೈಲಿನಲ್ಲಿ ವಾಪಸ್ಸು. ಬೋಗಿ ಹತ್ತಿರ ಓಡಿ ಬರುವುದೂ ಬೇಡ. ಪ್ಲಾಟ್‌ಫಾರಂ ಆ ತುದಿಯಲ್ಲಿ, ಗಡಿಯಾರದ ಕೆಳಗೆ ಇಬ್ಬರೂ ನಿಂತಿರಬೇಕು. ಅವರು ನಡೆದು ಬರುತ್ತಾರೆ. ನಾವು ನೋಡಬೇಕು.

ಬಾಗಿಲು ಸದ್ದಾಯಿತು, ಅವನೇ! ಮರೆಯುವ ಮುಂಚೆ ಬರೆದುಬಿಡುತ್ತೇನೆ — ಶುಕ್ರವಾರ, ಬೆಳಿಗ್ಗೆ ಹತ್ತೂ ಇಪ್ಪತ್ತರ ಎಕ್ಸ್‌ಪ್ರೆಸ್, ಗಡಿಯಾರದ ಕೆಳಗೆ.